ಮುಟ್ಟಲು ಕೊಟ್ಟ ಮುಖ

ನಮ್ಮ ಕಚೇರಿಯಲ್ಲಿ ಅವಳನ್ನು ಮಾತಿನಮಲ್ಲಿ ಅಂತ ಕರೆಯುತ್ತೇವೆ. ಬೆಳಿಗ್ಗೆ ಬಂದು ಕುರ್ಚಿಯಲ್ಲಿ ಕೂತರೆ ಸಂಜೆ ಏಳುವ ತನಕ ಅವಳ ಬಾಯಿಂದ ನಾಲ್ಕು ಮಾತು ಉದುರಿದರೆ ಹೆಚ್ಚು. ಅದಕ್ಕೇ ಆ ಹೆಸರು. ಇಟ್ಟವಳು ನಾನೇ. ಅವಳ ಎದುರಿನ ಮೇಜು ನನ್ನದು, ಮೇಜಿನ ಮೇಲೆ ಫೋನು, ಬಂದ ಕರೆಗೆಲ್ಲ ಉತ್ತರ ಕೊಡುವುದು ನನ್ನ ಕೆಲಸ. ದೇವರು ಇಬ್ಬರ ಪಾಲಿನ ಮಾತನ್ನೂ ನನಗೊಬ್ಬಳಿಗೇ ಕೊಟ್ಟುಬಿಟ್ಟಿದ್ದಾನೆ ಅಂತ ಸಾಹೇಬರು ಗೊಣಗುತ್ತಾರೆ. ಗೊಣಗಲಿ.

ಕಚೇರಿ ಅಂದರೆ ದೊಡ್ಡಾಸ್ಪತ್ರೆಯ ಹಿಂದೆ, ಶವಾಗಾರದ ಗೋಡೆಗೆ ಅಂಟಿಕೊಂಡ ಎರಡು ಕೋಣೆ. ರಸ್ತೆಯಲ್ಲೋ ನಿಲ್ದಾಣದಲ್ಲೋ ಸತ್ತು, ನಮ್ಮವರು ಅನ್ನುವವರು ಯಾರೂ ಬಾರದೆ ಉಳಿದ ಹೆಣಗಳು ಗೋಡೆಯ ಆಚೆಗೆ. ಅವುಗಳ ಫೋಟೋ ಈಚೆಗೆ, ನಮ್ಮ ವೆಬ್‌ಸೈಟಿನಲ್ಲಿ. ಮನೆಯವರನ್ನು ಕಳೆದುಕೊಂಡವರು ಆ ಪುಟ ತೆರೆದು ಒಂದೊಂದೇ ಮುಖ ನೋಡುತ್ತಾ ಹೋಗುತ್ತಾರೆ. ಗುರುತು ಸಿಕ್ಕರೆ ನನಗೆ ಫೋನು ಮಾಡುತ್ತಾರೆ, ಬಂದು ಹೆಣ ಒಯ್ಯುತ್ತಾರೆ. ಗಡುವು ಮುಗಿಯುವ ತನಕ ಯಾರೂ ಬಾರದಿದ್ದರೆ ನಗರಸಭೆಯವರು ಮಣ್ಣು ಮಾಡುತ್ತಾರೆ. ಆಮೇಲೂ ಫೋಟೋ ಪುಟದಲ್ಲಿರುತ್ತದೆ, ಮೈಮೇಲಿದ್ದ ಬಟ್ಟೆ ಚೀಲ ಸೇರಿ ನಮ್ಮ ಬೀರುವಿನಲ್ಲಿರುತ್ತದೆ. ಫಿನಾಯಿಲಿನ ವಾಸನೆಯಲ್ಲೇ ಚಹಾ ಕುಡಿಯುವುದು ನಮಗೆಲ್ಲ ರೂಢಿಯಾಗಿದೆ.

ಹೋದ ವರ್ಷ ಮೇಲಿನಿಂದ ಒಂದು ಆದೇಶ ಬಂತು. ಕಣ್ಣು ಕಾಣದವರು, ಕಿವಿ ಕೇಳದವರು, ಕೈ ಸ್ವಾಧೀನವಿಲ್ಲದವರು, ಎಲ್ಲರಿಗೂ ಬಳಸಲು ಬರುವಂತೆ ವೆಬ್‌ಸೈಟುಗಳನ್ನು ಸರಿಪಡಿಸಬೇಕು ಅಂತ. ಕಣ್ಣಿಲ್ಲದವರ ಫೋನು ಪುಟವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಅಕ್ಷರವನ್ನೇನೋ ಓದೀತು, ಫೋಟೋವನ್ನು ಹೇಗೆ ಓದೀತು? ಅದಕ್ಕೆ ಪ್ರತಿ ಫೋಟೋದ ಬೆನ್ನಿಗೂ ಒಂದು ವಿವರ ಬರೆದಿಡಬೇಕು; ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ, ಅವರ ಕಿವಿಗೆ ಕೇಳುತ್ತದೆ. ನಮ್ಮ ಕಂಪ್ಯೂಟರಿನವನಿಗೆ ಹತ್ತು ಕಚೇರಿಗಳ ಕೆಲಸ. ಪಾಪ, ಅವನೂ ಏನು ಮಾಡಿಯಾನು? ಎಲ್ಲ ಫೋಟೋಗಳ ಬೆನ್ನಿಗೂ ಒಂದೇ ಸಾಲು ಅಂಟಿಸಿ ಕೈತೊಳೆದುಕೊಂಡ: 'ಅಪರಿಚಿತ ಶವದ ಚಿತ್ರ'. ಪರೀಕ್ಷೆ ಮಾಡುವುದೂ ಒಂದು ಯಂತ್ರವೇ. ವಿವರ ಇದೆಯೋ ಇಲ್ಲವೋ ಅಂತ ನೋಡುತ್ತದೆ ಹೊರತು ಏನಿದೆ ಅಂತ ನೋಡುವುದಿಲ್ಲ. ಎಲ್ಲದಕ್ಕೂ ಹಸಿರು ಗುರುತು ಬಿತ್ತು. ನೂರಕ್ಕೆ ನೂರು! ಸಾಹೇಬರು ಅದಕ್ಕೆ ಬಂದ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ತಮ್ಮ ಕುರ್ಚಿಯ ಹಿಂದೆ ತೂಗುಹಾಕಿದರು. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ.

ಅದಾಗಿ ಸ್ವಲ್ಪ ದಿನಕ್ಕೆ ಆ ಕರೆ ಬಂತು. ವಯಸ್ಸಾದ ಹೆಂಗಸಿನ ದನಿ, ಅವಸರವೇ ಇಲ್ಲದ ದನಿ.

"ಅಮ್ಮಾ, ನಿಮ್ಮ ಪುಟ ಕೇಳ್ತಿದೀನಿ. ನನ್ನ ಫೋನು 'ಅಪರಿಚಿತ ಶವದ ಚಿತ್ರ, ಅಪರಿಚಿತ ಶವದ ಚಿತ್ರ' ಅಂತ ಒಂದೇ ಸಮ ಹೇಳ್ತಾನೇ ಇದೆ. ಕೆಟ್ಟಿರೋದು ನನ್ನ ಫೋನೋ, ನಿಮ್ಮ ಪುಟನೋ?"

ಹುಟ್ಟಿದಾಗಿನಿಂದ ಕಣ್ಣಿಲ್ಲವಂತೆ. ಯಾವುದೋ ಊರಿನ ಲಾಂಡ್ರಿಯಲ್ಲಿ ಬಟ್ಟೆ ಮಡಚುವ ಕೆಲಸ. ಒಬ್ಬನೇ ಮಗ, ಲಾರಿಗೆ ಸರಕು ಏರಿಸಿ ಇಳಿಸುವವನು, ಹೋದರೆ ವಾರಗಟ್ಟಲೆ ಹೋಗುವವನು. ಈ ಸಲ ಹೋದವನು ಬರಲಿಲ್ಲ. 'ದಾರಿಯಲ್ಲಿ ಮೈ ಸರಿಯಿಲ್ಲ ಅಂತ ಇಳಿದುಹೋದ, ನಮಗೇನು ಗೊತ್ತು' ಅಂತ ಲಾರಿಯವರು ಕೈ ಕೊಡವಿಕೊಂಡರು.

"ನೋಡೋಕೆ ಹೆಂಗಿದಾನಮ್ಮ ನಿಮ್ಮ ಮಗ?" ಅಂತ ಕೇಳಿದೆ. ಬಾಯಿಪಾಠದ ಪ್ರಶ್ನೆ, ಬಾಯಿಗೆ ಬಂದುಬಿಟ್ಟಿತು.

"ನೋಡಿದೋರು ಸಾಧಾರಣ ಎತ್ತರ, ಗೋಧಿ ಬಣ್ಣ ಅಂತಾರೆ. ಹಂಗಂದ್ರೆ ಊರಿಗೆ ಊರೇ ನನ್ನ ಮಗ ಆಯ್ತಲ್ಲ ತಾಯಿ."

"ಒಂದು ಫೋಟೋ ಆದ್ರೂ ಕಳಿಸ್ತೀರಾ?"

"ನನ್ನ ಹತ್ರ ಅವನ ಫೋಟೋ ಯಾಕಿರುತ್ತೆ?"

ನಾಲಿಗೆ ಕಚ್ಚಿಕೊಂಡೆ. ಕಣ್ಣಿರುವ ಯಾರಿಗಾದರೂ ನಮ್ಮ ಪುಟ ತೋರಿಸಿ ಅಂದೆ. ಅದೂ ಆಗಿತ್ತಂತೆ. ಪಕ್ಕದ ಮನೆಯವಳು ನೋಡಿ 'ಇಲ್ಲ ಬಿಡಿ ಅಜ್ಜಿ, ಇದರಲ್ಲಿಲ್ಲ' ಅಂದಿದ್ದಳಂತೆ. "ದನಿಯಲ್ಲೇ ಗೊತ್ತಾಯ್ತಮ್ಮ, ಅವಳು ನೋಡೇ ಇಲ್ಲ. ಒಂದೆರಡು ಕಂಡು ಮುಖ ತಿರುಗಿಸಿದಾಳೆ. ಅವಳ ತಪ್ಪೇನಿಲ್ಲ, ಮಕ್ಕಳೊಂದಿಗಳು." ಆಮೇಲೆ ಹೇಳಿದಳು, "ನಾನೇ ಬಂದು ಒಬ್ಬೊಬ್ಬರನ್ನೇ ಮುಟ್ಟಿ ನೋಡ್ಲಾ? ಸತ್ತಿದ್ರೆ ಸತ್ತಿದಾನೆ ಅಂತ ಗೊತ್ತಾಗ್ಲಿ. ಮಣ್ಣಿಗಿಡೋಕೆ ಮುಂಚೆ ಒಂದ್ಸಲ ಅವನ ಮುಖ ಮುಟ್ಬೇಕು, ಅಷ್ಟೇ. ಇನ್ನೇನೂ ಕೇಳಲ್ಲ."

ರಿಸೀವರಿಗೆ ಕೈ ಅಡ್ಡ ಹಿಡಿದು ಸಾಹೇಬರನ್ನು ಕೇಳಿದೆ. ತಮ್ಮದಲ್ಲದ ಹೆಣ ಮುಟ್ಟುವ ಹಾಗಿಲ್ಲ, ಮೊದಲು ಗುರುತು ಹೇಳಲಿ, ಆಮೇಲೆ ಒಳಗೆ ಬಿಡೋಣ ಅಂದರು. ಮುಟ್ಟದೆ ಗುರುತು ಹೇಗೆ ಹೇಳುತ್ತಾಳೆ ಸರ್ ಅಂದೆ. ನಿಯಮ ಅಂದರು.

ಫೋನಿಟ್ಟ ಮೇಲೆ ನಾನು ಸುಮ್ಮನಿರಲಿಲ್ಲ. ಸುಮ್ಮನಿರುವುದು ನನ್ನ ಜಾತಕದಲ್ಲೇ ಇಲ್ಲ. ಆ ಒಂದೇ ಸಾಲು ಇಟ್ಟುಕೊಂಡು ಯಾವ ಕುರುಡರಿಗೆ ಏನು ಉಪಕಾರವಾಯಿತು ಅಂತ ಸಾಹೇಬರ ಮೇಜಿನ ಮುಂದೆ ನಿಂತೆ.

"ಮೊದಲು ಅದೂ ಇರಲಿಲ್ವಲ್ಲಮ್ಮ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ."

"ಈ ಗಾದೆ ಆ ಹೆಂಗಸಿಗೂ ಹೇಳ್ತೀರಾ ಸರ್? ಫೋನ್ ಮಾಡಿ ಕೊಡ್ತೀನಿ."

ಅವರ ಮುಖ ಕೆಂಪಾಯಿತು. ಕೆಟ್ಟ ಮನುಷ್ಯರಲ್ಲ ಅವರು, ಮೇಲಿನವರಿಗೆ ಹೆದರಿ ಹೆದರಿ ಹೀಗಾದವರು. "ಸರಿ, ಇಷ್ಟೊಂದು ಹೆಣದ ವಿವರ ಬರೆಯೋರು ಯಾರು? ನೀವು ಬರೀತೀರಾ?" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ನಾನು ಬರೀತೀನಿ."

ಮಾತಿನಮಲ್ಲಿ! ಕಂಪ್ಯೂಟರಿನವನ ಕೈಯಲ್ಲಿದ್ದ ಚಹಾ ತುಳುಕಿತು. ಆದರೂ ಸಾಹೇಬರು ಮೇಲಿನ ಅಪ್ಪಣೆ ಇಲ್ಲದೆ ಆಗದು ಅಂದರು. ಹಸಿರು ಗುರುತು ಬಿದ್ದ ಪುಟವನ್ನು ಮತ್ತೆ ಮುಟ್ಟಿದರೆ, ಮೊದಲು ಮಾಡಿದ್ದು ಸರಿಯಿರಲಿಲ್ಲ ಅಂತ ಒಪ್ಪಿಕೊಂಡ ಹಾಗಲ್ಲವೇ? ಫೈಲು ಮೇಲೆ ಹೋಯಿತು. ಹೋದದ್ದು ಅಲ್ಲೇ ಕೂತಿತು. ಆ ತಾಯಿ ಮತ್ತೆ ಮತ್ತೆ ಫೋನು ಮಾಡಿದಳು. 'ಇನ್ನೂ ಆಗಿಲ್ಲಮ್ಮ' ಅಂತ ನಾನು ಮತ್ತೆ ಮತ್ತೆ ಹೇಳಿದೆ. 'ಪರವಾಗಿಲ್ಲ ತಾಯಿ, ನಿಮಗೂ ಎಷ್ಟು ಕೆಲಸವೋ' ಅನ್ನುತ್ತಿದ್ದಳು. ಬೈದಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು.

ಈ ಮಲ್ಲಿ ಯಾಕೆ ಮುಂದೆ ಬಂದಳು ಅನ್ನುವುದು ತಿಳಿಯಬೇಕಾದರೆ ಅವಳ ಮನೆ ನೋಡಬೇಕು. ಮನೆ ಅಂದರೆ ಹಳೆಯ ಫೋಟೋ ಸ್ಟುಡಿಯೋ. ಅಪ್ಪನದು. ಮಲಗುವ ಜಾಗಕ್ಕೂ ಒಲೆಗೂ ನಡುವೆ ಪರದೆಯಾಗಿ ತೂಗುಬಿಟ್ಟಿರುವುದು ಸ್ಟುಡಿಯೋದ ಬಣ್ಣದ ಬಟ್ಟೆ. ಅದರಲ್ಲಿ ಮೆಟ್ಟಿಲು, ಹೂಕುಂಡ, ದೂರದಲ್ಲಿ ಒಂದು ಸರೋವರ. ಊರಿನ ಅರ್ಧ ಜನ ಆ ಸರೋವರದ ಮುಂದೆ ನಿಂತು ಫೋಟೋ ತೆಗೆಸಿಕೊಂಡವರೇ. ಸಕ್ಕರೆ ಕಾಯಿಲೆ ಬಂದು ಅಪ್ಪನ ಕಣ್ಣು ಹೋಯಿತು. ಅತ್ತ ಎಲ್ಲರ ಕೈಗೂ ಮೊಬೈಲು ಬಂದು ಸ್ಟುಡಿಯೋನೂ ಹೋಯಿತು. ಅಮ್ಮ ಮೊದಲೇ ಇರಲಿಲ್ಲ. ಉಳಿದವರು ಅಪ್ಪ, ಮಗಳು, ಯಾರೂ ಬಂದು ಒಯ್ಯದ ಫೋಟೋಗಳ ಡಬ್ಬಗಳು.

ಅಪ್ಪ ಮಹಾ ಹಟಮಾರಿ. ದಿನಾ ಒಂದು ಡಬ್ಬ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಫೋಟೋ ಎತ್ತಿ ಮಗಳಿಗೆ ಕೊಡುತ್ತಿದ್ದ. 'ಇದರಲ್ಲೇನಿದೆ?' 'ಒಬ್ಬಳು ಹುಡುಗಿ, ನಗ್ತಿದಾಳೆ.' 'ಯಾವ ನಗು? ಹಲ್ಲು ಬಿಟ್ಟಿದಾಳಾ, ತುಟಿ ಒತ್ತಿ ಹಿಡಿದಿದಾಳಾ? ನಗುವಿನಲ್ಲಿ ನೂರು ತರ ಇದೆ ಕಣೇ. ಮಾಡಿ ತೋರಿಸು.' ಮಗಳು ಆ ಹುಡುಗಿಯ ಮುಖವನ್ನು ತನ್ನ ಮುಖದ ಮೇಲೆ ತಂದುಕೊಳ್ಳುತ್ತಿದ್ದಳು. ಅಪ್ಪ ಬೆರಳಾಡಿಸಿ ನೋಡುತ್ತಿದ್ದ. 'ಸುಳ್ಳು! ಕಣ್ಣು ನಗ್ತಾ ಇಲ್ಲ. ಸರಿಯಾಗಿ ನೋಡಿ ಮಾಡು.' ಹೀಗೆ ಡಬ್ಬಗಟ್ಟಲೆ ಮುಖ ಮಾಡಿದ್ದಳು ಅವಳು. ಮದುವೆ ಮಾತು ಬಂದಾಗಲೆಲ್ಲ ಅಪ್ಪನನ್ನು ಬಿಟ್ಟು ಬರುವುದಿಲ್ಲ ಅಂದಳಂತೆ. ಅಪ್ಪ ಹೋದ ಮೇಲೆ ಕೇಳುವವರೇ ಇರಲಿಲ್ಲ. ಟೈಪು ಕಲಿತು ನಮ್ಮ ಕಚೇರಿ ಸೇರಿದಳು. ಇದಿಷ್ಟನ್ನು ಅವಳ ಬಾಯಿಂದ ಹೊರಡಿಸಲು ನನಗೆ ಎಷ್ಟು ವರ್ಷ ಹಿಡಿಯಿತು ಅನ್ನುವುದನ್ನು ಕೇಳಬೇಡಿ.

ಕೊನೆಗೂ ಅಪ್ಪಣೆ ಬಂತು, ಮಲ್ಲಿ ಕೆಲಸಕ್ಕೆ ಕೂತಳು. ಫೋಟೋ ದೊಡ್ಡದು ಮಾಡಿ ಸುಮ್ಮನೆ ನೋಡುವಳು. ನೋಡುತ್ತಾ ನೋಡುತ್ತಾ ಅವಳ ಹುಬ್ಬು ಮೇಲೇರುವುದು, ದವಡೆ ಜೋಲುವುದು, ತುಟಿ ಒಂದು ಕಡೆ ಎಳೆಯುವುದು. ಹಾಗೆ ಸತ್ತವರ ಮುಖವನ್ನು ತಂದುಕೊಂಡು, ತನ್ನ ಬೆರಳಿನಿಂದ ತಾನೇ ಸವರಿ ನೋಡಿ, ಆಮೇಲೆ ಎರಡು ಸಾಲು ಬರೆಯುವಳು. ಮೊದಮೊದಲು ನಮಗೆ ಮೈ ಜುಂ ಅನ್ನುತ್ತಿತ್ತು. "ಅಕ್ಕಾ, ಊಟದ ಹೊತ್ತಲ್ಲಾದ್ರೂ ನಿಮ್ಮ ಸ್ವಂತ ಮುಖ ಹಾಕ್ಕೊಳ್ಳಿ" ಅಂತ ಕಂಪ್ಯೂಟರಿನವನು ಕೈಮುಗಿದ. ಅವಳು ನಕ್ಕಳು. ಅಪರೂಪಕ್ಕೆ ನಗುತ್ತಾಳೆ, ನಕ್ಕರೆ ಚೆಂದ.

ಮೊದಲ ಕಂತು ಪುಟಕ್ಕೆ ಏರಿದ ದಿನವೇ ಆ ತಾಯಿಯ ಕರೆ. "ಯಾರಮ್ಮ ಇದನ್ನ ಬರೆದಿದ್ದು? ಪುಣ್ಯ ಬರ್ಲಿ. ಮುಖ ಎಲ್ಲಾ ಕೈಗೆ ಸಿಕ್ಕ ಹಾಗೇ ಇದೆ. ಆದ್ರೆ ನೀಲಿ ಅಂಗಿ, ಕಂದು ಪ್ಯಾಂಟು ಎಷ್ಟು ಜನಕ್ಕಿಲ್ಲ, ನಾನೇನು ಮಾಡ್ಲಿ? ಬಟ್ಟೆನೂ ಕೈಗೆ ಸಿಗೋ ಹಾಗೆ ಹೇಳೋಕಾಗುತ್ತಾ ಕೇಳಿ. ನಾನು ಬಟ್ಟೆಯೋಳು."

ಮಲ್ಲಿಗೆ ಹೇಳಿದೆ. ಅವಳು ಎದ್ದು, ಶವಾಗಾರದ ಕಾವಲಣ್ಣನ ಹತ್ತಿರ ಬೀರುವಿನ ಬೀಗದಕೈ ಇಸಿದುಕೊಂಡಳು. ಚಿತ್ರದಲ್ಲಿ ಇರುವುದನ್ನು ಬರೆದರೆ ಸಾಕು ಅಂತ ಸಾಹೇಬರು ಒಳಗಿನಿಂದ ಕೂಗಿದರು. ಕೇಳಿಸದವಳ ಹಾಗೆ ಹೋದಳು. ಅಂದಿನಿಂದ ಬೀರುವಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಚೀಲ ಬಿಚ್ಚಿ, ಕಣ್ಣು ಮುಚ್ಚಿಕೊಂಡು ಬಟ್ಟೆಯ ಮೇಲೆ ಕೈಯಾಡಿಸತೊಡಗಿದಳು. ಹೊಲಿಗೆ, ತೇಪೆ, ಬದಲಾದ ಗುಂಡಿ, ಸವೆದ ಅಂಚು. ಆ ಬಟ್ಟೆಗಳ ವಾಸನೆ ಎಂಥದ್ದು ಅಂತ ನಿಮಗೆ ಹೇಳಲಾರೆ. ಕೈ ಎಷ್ಟು ತೊಳೆದರೂ ಅವಳ ಬುತ್ತಿಡಬ್ಬಿಯ ತನಕ ಬರುತ್ತಿತ್ತು.

ಒಂದು ಬೆಳಿಗ್ಗೆ, ಕಸ ಗುಡಿಸುವವಳು ಇನ್ನೂ ನೆಲ ಒರೆಸುತ್ತಿದ್ದಾಗ, ಫೋನು ಬಂತು.

"ತಾಯಿ," ಅಂದಳು. ಅದೇ ಅವಸರವಿಲ್ಲದ ದನಿ, ಆದರೆ ತೆಳ್ಳಗಾಗಿತ್ತು. "ಫೋನು ಒಬ್ಬನ ವಿವರ ಓದ್ತು. ಅಂಗಿ ಕಾಲರಿನ ಒಳಗೆ ದಾರದ ಮೂರು ಗಂಟು, ಕೈಯಲ್ಲಿ ಹಾಕಿದ್ದು, ಅಂತ. ಯಾವ ಕಡೆ ಅಂತ ಕೇಳ್ತೀರಾ?"

ನಾನು ಕೇಳಿದೆ. ಮಲ್ಲಿ ತಲೆ ಎತ್ತದೆ ಹೇಳಿದಳು, "ಎಡಗಡೆ. ಮೂರನೇ ಗಂಟು ಉಳಿದೆರಡಕ್ಕಿಂತ ದಪ್ಪ. ದಾರ ಬೇರೆ."

ಅದನ್ನೇ ಹೇಳಿದೆ. ಆ ಕಡೆ ಲಾಂಡ್ರಿಯ ಯಂತ್ರ ತಿರುಗುವ ಸದ್ದು.

"ಮೂರನೇದು ಬಿಚ್ಚಿಹೋಗಿತ್ತು. ಹೊರಡೋ ದಿನ ನಾನೇ ಮತ್ತೆ ಹಾಕಿದೆ. ಕೈಗೆ ಸಿಕ್ಕಿದ ದಾರದಲ್ಲಿ."

ಬಿಳಿ ಅಂಗಿಗೆ ಒಂದು ಗಂಟು, ಕಪ್ಪಿಗೆ ಎರಡು, ನೀಲಿಗೆ ಮೂರು. ಮಗನ ಬಟ್ಟೆ ಮಡಚಿ ಜೋಡಿಸಿಡಲು ಅವಳು ಮಾಡಿಕೊಂಡ ಏರ್ಪಾಡು ಅದು. ಮೊದಲೇ ಯಾಕೆ ಹೇಳಲಿಲ್ಲ ಅಂದರೆ, ಅದೊಂದು ಗುರುತು ಅಂತ ಅವಳಿಗೆ ಹೊಳೆದೇ ಇರಲಿಲ್ಲ. ಎಲ್ಲ ತಾಯಂದಿರೂ ಹಾಕುತ್ತಾರೆ ಅಂದುಕೊಂಡಿದ್ದಳು.

"ಇನ್ನೊಂದು ಮಾತು ತಾಯಿ. ಅದರ ಕೊನೆಗೆ 'ಮಣ್ಣು ಮಾಡಲಾಗಿದೆ' ಅಂತಾನೂ ಓದ್ತು. ಅದು ತಪ್ಪಿರಬಹುದಾ? ನಿಮ್ಮ ಪುಟದಲ್ಲಿ ಮೊದಲೂ ತಪ್ಪಿತ್ತಲ್ಲ."

ಇಬ್ಬರ ಪಾಲಿನ ಮಾತಿರುವ ನನ್ನ ಬಾಯಿಯಿಂದ ಹೊರಟದ್ದು ಎರಡೇ ಮಾತು. ಇಲ್ಲಮ್ಮ, ಅದು ನಿಜ ಅಂದೆ.

ಆಮೇಲೆ ಲೆಕ್ಕ ಹಾಕಿ ನೋಡಿದೆ, ನೋಡಬಾರದಿತ್ತು. ಅವಳು ಮೊದಲ ಸಲ ಫೋನು ಮಾಡಿದಾಗ ಅವನು ಗೋಡೆಯ ಆಚೆಗಿದ್ದ. ನನ್ನ ಕುರ್ಚಿಯಿಂದ ಕೈ ಚಾಚಿದರೆ ಗೋಡೆ, ಗೋಡೆಯಾಚೆ ಅವನು. ಫೈಲು ಮೇಲೆ ಕೂತಿದ್ದ ದಿನಗಳಲ್ಲಿ ನಗರಸಭೆಯ ಗಾಡಿ ಬಂದು ಒಯ್ದಿತ್ತು. ಸುಮಾರು ಹೊತ್ತು ನಾನು ಆ ಪ್ರಮಾಣಪತ್ರವನ್ನೇ ದಿಟ್ಟಿಸುತ್ತಿದ್ದೆ. ಒಡೆದುಹಾಕಬೇಕು ಅನ್ನಿಸಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದವರು ನಾವು.

ಮರುದಿನ ಆ ತಾಯಿ ಬಂದಳು, ಪಕ್ಕದ ಮನೆಯವಳ ತೋಳು ಹಿಡಿದು. ನಾನು ಎಣಿಸಿದ್ದಕ್ಕಿಂತ ಗಿಡ್ಡಗಿದ್ದಳು. ಇಸ್ತ್ರಿ ಕೆಡದ ಬಟ್ಟೆ, ಬಿಗಿಯಾಗಿ ಕಟ್ಟಿದ ಕೂದಲು. ಪಕ್ಕದ ಮನೆಯವಳು ನೆಲ ಬಿಟ್ಟು ಕಣ್ಣೆತ್ತಲಿಲ್ಲ. ಕಾವಲಣ್ಣ ಚೀಲ ತಂದು ತಾಯಿಯ ತೊಡೆಯ ಮೇಲಿಟ್ಟ. ಅವಳು ಅಂಗಿ ಹೊರತೆಗೆದು, ಮೂಸಿ ನೋಡಿ, ಕಾಲರು ಮಗುಚಿ, ಮೂರು ಗಂಟನ್ನೂ ಬೆರಳಲ್ಲಿ ಮುಟ್ಟಿದಳು. ಅಳಲಿಲ್ಲ. ಅಂಗಿಯನ್ನು ತೊಡೆಯ ಮೇಲೆ ಹರಡಿ, ತೋಳು ಹಿಂದಕ್ಕೆ ಹಾಕಿ, ಅಂಚಿಗೆ ಅಂಚು ಸೇರಿಸಿ ಮಡಚಿದಳು. ಆ ಕೊಳಕು ಅಂಗಿ ಅಂಗಡಿಯಿಂದ ತಂದದ್ದರ ಹಾಗೆ ಕೂತಿತು.

"ಮುಖ ಹೆಂಗಿತ್ತು?" ಅಂದಳು.

ಸಾಹೇಬರು ಬಾಗಿಲಲ್ಲಿ ನಿಂತಿದ್ದರು. "ಶಾಂತವಾಗಿತ್ತಮ್ಮ," ಅಂದರು, "ಸುಖವಾಗಿ ಮಲಗಿದ ಹಾಗಿತ್ತು."

ತಾಯಿ ದನಿ ಬಂದ ಕಡೆ ಮುಖ ತಿರುಗಿಸಿದಳು. "ನೀವು ನೋಡಿದೀರಾ ಸ್ವಾಮಿ?"

ಸಾಹೇಬರು ಹೆಣಗಳ ಫೋಟೋ ನೋಡಿದವರೇ ಅಲ್ಲ, ಅದು ನಮಗೆಲ್ಲ ಗೊತ್ತು. ಪಕ್ಕದ ಮನೆಯವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆಗ ಮಲ್ಲಿ ತನ್ನ ಕಂಪ್ಯೂಟರಿನಲ್ಲಿ ಅವನ ಫೋಟೋ ತೆರೆದಳು. ತುಂಬಾ ಹೊತ್ತು ನೋಡಿದಳು. ನಾನೂ ಅವಳ ಹಿಂದಿನಿಂದ ನೋಡಿದೆ. ಶಾಂತಿ ಎಲ್ಲಿಂದ ಬರಬೇಕು? ಮುಚ್ಚಿದ ಅಂಗಡಿಯೊಂದರ ಜಗಲಿಯಲ್ಲಿ, ಎದೆನೋವಿನಲ್ಲಿ, ಒಬ್ಬನೇ ಸತ್ತವನ ಮುಖ. ಮಲ್ಲಿ ಎದ್ದು ಬಂದು ತಾಯಿಯ ಮುಂದೆ ಮಂಡಿಯೂರಿ ಕೂತಳು.

"ನಾನಮ್ಮ, ಬರೆಯೋಳು. ಸುಳ್ಳು ಹೇಳಲ್ಲ. ಮುಟ್ಟಿ ನೋಡ್ತೀರಾ?" ಅಂದಳು. ತಾಯಿಯ ಎರಡೂ ಕೈ ಹಿಡಿದು ತನ್ನ ಮುಖದ ಮೇಲಿಟ್ಟುಕೊಂಡಳು.

ನಾನು ನೋಡುತ್ತಿದ್ದ ಹಾಗೆಯೇ ಅವಳ ಮುಖ ಹೋಗಿ ಅವನ ಮುಖ ಬಂತು. ಹುಬ್ಬು ಬಿಗಿದು ನಡುವೆ ಎರಡು ಗೆರೆ ಎದ್ದವು. ಒಂದು ಕಣ್ಣು ಮುಚ್ಚಿ ಇನ್ನೊಂದು ಅರೆ ತೆರೆದೇ ನಿಂತಿತು. ಬಾಯಿ ಎಡಕ್ಕೆ ಎಳೆದು, ಕಚ್ಚಿದ ಹಲ್ಲು ತುಟಿಯಾಚೆ ಕಂಡಿತು. ತಾಯಿಯ ಬೆರಳು ಹಣೆಯಿಂದ ಇಳಿದವು, ಹುಬ್ಬಿನ ನಡುವಿನ ಗೆರೆಯಲ್ಲಿ ನಿಂತವು, ತುಟಿಯ ಎಳೆತಕ್ಕೆ ಬಂದು ಹಲ್ಲಿಗೆ ತಾಗಿದವು.

"ಹೂಂ," ಅಂದಳು. "ಇವನೇ. ನೋವು ತಡ್ಕೊಂಡಿದಾನೆ. ಚಿಕ್ಕೋನಿದ್ದಾಗ ಬಿದ್ದು ಬಂದ್ರೂ ಹಿಂಗೇ ಹಲ್ಲು ಕಚ್ಚಿ ನಿಲ್ತಿದ್ದ. ಅತ್ರೆ ನನಗೆ ಕೇಳುತ್ತೆ ಅಂತ ಅಳ್ತಿರ್ಲಿಲ್ಲ, ಕಳ್ಳ. ನಾನು ಮುಖ ಮುಟ್ಟಿ ಹಿಡೀತಿದ್ದೆ."

ಆಮೇಲೆ ಅವಳು ಮಾಡಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಹೆಬ್ಬೆರಳಿನಿಂದ ಆ ಹುಬ್ಬಿನ ಗೆರೆಯನ್ನು ಮೆಲ್ಲಗೆ ನೀವಿದಳು, ಗೆರೆ ಸಡಿಲವಾಗುವ ತನಕ ನೀವಿದಳು. ಅರೆ ತೆರೆದ ಕಣ್ಣಿನ ರೆಪ್ಪೆಯನ್ನು ಕೆಳಗೆಳೆದು ಮುಚ್ಚಿದಳು. ತುಟಿಯನ್ನು ಹಲ್ಲಿನ ಮೇಲೆ ತಂದು, ಗಲ್ಲಕ್ಕೆ ಅಂಗೈ ಕೊಟ್ಟು ದವಡೆ ಕೂಡಿಸಿದಳು. ಆ ಕೈ ಎಲ್ಲಿಗೆ ಕಳಿಸಿತೋ ಮಲ್ಲಿಯ ಮುಖ ಅಲ್ಲಿಗೆ ಹೋಯಿತು.

"ಸಾಕು ಮಗನೇ," ಅಂದಳು ತಾಯಿ. "ಬಂದೆ. ತಡ ಆಯ್ತು, ಬಂದೆ."

ಅಳು ಬಂದದ್ದು ಆಗ. ಅವಳಿಗೆ ಮಾತ್ರವಲ್ಲ. ಕಾವಲಣ್ಣ, ಅಷ್ಟು ಹೆಣ ಹೊತ್ತವನು, ಗೋಡೆಗೆ ಮುಖ ಮಾಡಿ ನಿಂತ. ಸಾಹೇಬರು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಸ್ವಲ್ಪ ಹೊತ್ತಿನ ಮೇಲೆ ತಾಯಿ ಕಣ್ಣೊರೆಸಿಕೊಂಡು, ಮಡಚಿದ ಅಂಗಿಯನ್ನು ಕಂಕುಳಲ್ಲಿಟ್ಟುಕೊಂಡು ಎದ್ದಳು. ಮಣ್ಣು ಮಾಡಿದ ಜಾಗ ತೋರಿಸಲು ಕಾವಲಣ್ಣ ಜೊತೆಗೆ ಹೊರಟ. ಮಲ್ಲಿ ಮಾತ್ರ ಮಂಡಿಯೂರಿದ ಜಾಗದಿಂದ ಅಲುಗಲಿಲ್ಲ.

"ಏಳೇ, ಹೊರಟ್ರು," ಅಂತ ಅವಳ ಹೆಗಲು ಮುಟ್ಟಿದೆ. ಬೇಡ ಅನ್ನುವ ಹಾಗೆ ಕೈ ಸನ್ನೆ ಮಾಡಿದಳು. ಆ ತಾಯಿ ಅಂಗಳ ದಾಟಿ ಗೇಟು ದಾಟಿ ಹೋಗುವ ತನಕ ಆ ಕೈ ಮುಚ್ಚಿದ ಕಣ್ಣನ್ನು ಮಲ್ಲಿ ತೆರೆಯಲಿಲ್ಲ.